ಸಹಿ ಹಾಕುವ ಮುನ್ನ ಒಮ್ಮೆ ಓದಿ



ಕಾಲೇಜು ಮುಗಿಸಿ ಮೊದಲ ನೌಕರಿಗೆ ಸೇರಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಸೇರಿದ ದಿನ ಆಫೀಸಿನವರು ಒಂದಿಷ್ಟು ಕಾಗದಗಳಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಈಗ ಹೆಚ್ಚಿನ ಕಡೆ ಕಂಪ್ಯೂಟರಿನಲ್ಲೇ ಒಂದು ಗುಂಡಿ ಒತ್ತಿದರಾಯಿತು. ಆ ಕಾಗದಗಳಲ್ಲಿ 'ಕೋಡ್ ಆಫ್ ಕಂಡಕ್ಟ್' ಎಂಬುದೂ ಒಂದು. ಕನ್ನಡದಲ್ಲಿ ನೀತಿ ಸಂಹಿತೆ ಎನ್ನಬಹುದು. ಲಂಚ ಕೊಡಬಾರದು, ಸುಳ್ಳು ಬಿಲ್ಲು ಮಾಡಬಾರದು, ಗಿರಾಕಿಯ ಗುಟ್ಟು ಹೊರಗೆ ಬಿಡಬಾರದು, ದುಬಾರಿ ಉಡುಗೊರೆ ತೆಗೆದುಕೊಳ್ಳಬಾರದು ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಎಷ್ಟು ಮಂದಿ ಅದನ್ನು ಓದುತ್ತೀರಿ? "ಆಂಟಿ, ಅದೆಲ್ಲ ತೋರಿಕೆಗೆ. ಧಂದೆ ನಡೆಯುವುದೇ ಬೇರೆ ರೀತಿ" ಎಂದು ನೀವು ನಗುವುದು ನನಗೆ ಗೊತ್ತು. ಲಾಭಕ್ಕೆಂದೇ ಕುಳಿತವರು ತಮ್ಮ ಕೈಯನ್ನು ತಾವೇ ಏಕೆ ಕಟ್ಟಿಕೊಳ್ಳುತ್ತಾರೆ? ಈ ಬಾರಿ ಅದನ್ನೇ ನೋಡೋಣ.

ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ಹೋಟೆಲ್ ವ್ಯಾಪಾರವನ್ನೇ ತೆಗೆದುಕೊಳ್ಳಿ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಧಣಿಯೇ ಗಲ್ಲಾದ ಮೇಲೆ ಕುಳಿತಿರುತ್ತಿದ್ದರು. ಹಳಸಿದ ಚಟ್ನಿ ಹೊರಗೆ ಹೋಗುವಂತಿಲ್ಲ, ಚಿಲ್ಲರೆಯಲ್ಲಿ ಮೋಸವಾಗುವಂತಿಲ್ಲ. ಗಿರಾಕಿಗೆ ಧಣಿಯ ಮುಖವೇ ಭರವಸೆ. ಅಲ್ಲಿ ಲಿಖಿತ ನಿಯಮದ ಅಗತ್ಯವಿರಲಿಲ್ಲ. ಆದರೆ ಎರಡನೆಯ ಹೋಟೆಲು, ಮೂರನೆಯ ಹೋಟೆಲು ತೆರೆದಾಗ? ಎಲ್ಲ ಗಲ್ಲಾಗಳಲ್ಲೂ ಅವರು ಕೂರಲಾಗುವುದಿಲ್ಲ. ಧಣಿ ಎದುರಿಗಿಲ್ಲದಾಗಲೂ ಕೆಲಸ ಅದೇ ರೀತಿ ನಡೆಯಬೇಕಾದರೆ ಅವರ ಪದ್ಧತಿ ಕಾಗದಕ್ಕೆ ಇಳಿಯಬೇಕು, ಕೆಲಸದವರ ಮನಸ್ಸಿಗೂ ಇಳಿಯಬೇಕು. ನೀತಿ ಸಂಹಿತೆಯ ಹುಟ್ಟು ಇಲ್ಲಿದೆ. ಸಾವಿರಾರು ಜನ ದುಡಿಯುವ ಕಂಪನಿಯಲ್ಲಿ ಧಣಿಯ ಮುಖ ಕಾಣದ ಕಡೆ ಆ ಪುಸ್ತಿಕೆ ಕೆಲಸ ಮಾಡಬೇಕು.

ಮಾಡುತ್ತದೆಯೇ? ಜಗತ್ತಿನ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲೆಲ್ಲ ಹೇಳಿಕೊಡುವ ಒಂದು ಕಥೆ ಕೇಳಿ.

ಅಮೆರಿಕದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯಲ್ಲಿ 1943ರಲ್ಲಿ ರಾಬರ್ಟ್ ವುಡ್ ಜಾನ್ಸನ್ ಎಂಬವರು ಒಂದು ಪುಟದ ಬರಹ ಬರೆದಿಟ್ಟರು. ಅದಕ್ಕೆ 'ಕ್ರೀಡೋ' ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ 'ನಾನು ನಂಬುತ್ತೇನೆ' ಎಂದರ್ಥ. ನಮ್ಮ ಮೊದಲ ಹೊಣೆ ನಮ್ಮ ವಸ್ತುಗಳನ್ನು ಬಳಸುವ ರೋಗಿಗಳು, ವೈದ್ಯರು, ನರ್ಸುಗಳು, ತಾಯಂದಿರಿಗೆ, ಆಮೇಲೆ ನೌಕರರಿಗೆ, ಆಮೇಲೆ ಸಮಾಜಕ್ಕೆ, ಷೇರುದಾರರು ಎಲ್ಲರಿಗಿಂತ ಕೊನೆಗೆ ಎಂಬುದು ಅದರ ಸಾರ. 1970ರ ದಶಕದಲ್ಲಿ ಕಂಪನಿಯ ಮುಖ್ಯಸ್ಥರಲ್ಲೊಬ್ಬರಾದ ಜೇಮ್ಸ್ ಬರ್ಕ್ ತಮ್ಮ ಹಿರಿಯ ಮ್ಯಾನೇಜರುಗಳನ್ನು ಕೂರಿಸಿಕೊಂಡು, ಇದನ್ನು ನಂಬುತ್ತೀರಾದರೆ ಇಟ್ಟುಕೊಳ್ಳೋಣ, ಇಲ್ಲವಾದರೆ ಗೋಡೆಯಿಂದ ಕಿತ್ತು ಹಾಕೋಣ ಎಂದು ಚರ್ಚೆಗೆ ಇಟ್ಟರು. ಅವರೆಲ್ಲ ವಾದ ಮಾಡಿ, ಕೊನೆಗೆ ಇಟ್ಟುಕೊಳ್ಳಲು ಒಪ್ಪಿದರು.

1982ರ ಸೆಪ್ಟೆಂಬರ್ ಕೊನೆಗೆ ಪರೀಕ್ಷೆ ಬಂತು. ಷಿಕಾಗೋ ನಗರದ ಸುತ್ತಮುತ್ತ ಆ ಕಂಪನಿಯ ಟೈಲೆನಾಲ್ ಎಂಬ ನೋವಿನ ಮಾತ್ರೆ ನುಂಗಿದ 7 ಮಂದಿ ಸತ್ತರು. ಯಾರೋ ದುಷ್ಟರು ಕ್ಯಾಪ್ಸೂಲುಗಳಲ್ಲಿ ಸಯನೈಡ್ ವಿಷ ತುಂಬಿದ್ದರು. ಕಾರ್ಖಾನೆಯದೇನೂ ತಪ್ಪಿರಲಿಲ್ಲ. ಸಾವುಗಳು ಒಂದೇ ಪ್ರದೇಶದಲ್ಲಿ ಆಗಿದ್ದವು. "ಅಲ್ಲಿಯ ಮಾಲು ಮಾತ್ರ ವಾಪಸು ತೆಗೆದುಕೊಂಡರೆ ಸಾಕು" ಎಂದು ಲೆಕ್ಕ ಹಾಕಬಹುದಿತ್ತು. ಆದರೆ ಕಂಪನಿ ಜಾಹೀರಾತು ನಿಲ್ಲಿಸಿತು, ಮಾತ್ರೆ ನುಂಗಬೇಡಿ ಎಂದು ತಾನೇ ಜನರಿಗೆ ಸಾರಿತು, ದೇಶದ ಎಲ್ಲ ಅಂಗಡಿಗಳಿಂದ ಸುಮಾರು 3 ಕೋಟಿ 10 ಲಕ್ಷ ಬಾಟಲಿಗಳನ್ನು ಹಿಂದಕ್ಕೆ ತರಿಸಿತು. ನಷ್ಟ 10 ಕೋಟಿ ಡಾಲರಿಗೂ ಹೆಚ್ಚು. ಮಾರುಕಟ್ಟೆಯಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚಿದ್ದ ಅದರ ಪಾಲು ಶೇಕಡಾ 8ರ ಆಸುಪಾಸಿಗೆ ಕುಸಿಯಿತು. ಟೈಲೆನಾಲ್ ಹೆಸರು ಇನ್ನು ಮುಗಿಯಿತೆಂದು ಬಲ್ಲವರು ಹೇಳಿದರು. ಕೆಲವೇ ವಾರಗಳಲ್ಲಿ ಸುಲಭವಾಗಿ ತೆರೆಯಲಾಗದ ಮೂರು ಪದರದ ಮುದ್ರೆಯೊಂದಿಗೆ ಅದೇ ಮಾತ್ರೆ, ಅದೇ ಹೆಸರಿನಲ್ಲಿ ಮತ್ತೆ ಬಂತು. ಒಂದು ವರ್ಷದಲ್ಲಿ ಕಳೆದುಕೊಂಡ ಪಾಲಿನ ಬಹುಭಾಗ ಹಿಂದಿರುಗಿತು.

ಇಲ್ಲಿ ಎರಡು ಲಾಭ ಗಮನಿಸಿ. ಒಂದು, ಗಂಡಾಂತರದ ಹೊತ್ತಿನಲ್ಲಿ "ಮೊದಲು ಯಾರ ಹಿತ?" ಎಂಬ ಪ್ರಶ್ನೆಗೆ ಉತ್ತರ ಮೊದಲೇ ಬರೆದಿಟ್ಟಿತ್ತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಪ್ರಮೇಯ ಬರಲಿಲ್ಲ. ಎರಡು, ಇವರು ನಮ್ಮನ್ನು ಮುಚ್ಚಿಟ್ಟು ಕೊಲ್ಲುವವರಲ್ಲ ಎಂದು ಜನರಿಗೆ ಮನವರಿಕೆಯಾಯಿತು. ಎದುರಾಳಿ ಕಂಪನಿ ಅಂಥದೇ ಮಾತ್ರೆ ಮಾಡಬಹುದು, ಬೆಲೆಯನ್ನೂ ಇಳಿಸಬಹುದು. ಈ ನಂಬಿಕೆಯನ್ನು ಮಾತ್ರ ನಾಳೆಯೇ ತಯಾರಿಸಿ ಮಾರುಕಟ್ಟೆಗೆ ತರಲಾರದು. ಪೈಪೋಟಿಯಲ್ಲಿ ಮೇಲುಗೈ ಎಂದರೆ ಇದೇ ತಾನೆ?

ಇದೆಲ್ಲ ಶ್ರೀಮಂತ ಕಂಪನಿಗಳ ಮಾತು, ಭಿವಂಡಿಯಲ್ಲಿ ಹತ್ತು ಜನರನ್ನಿಟ್ಟುಕೊಂಡು ಬಿಡಿಭಾಗ ಮಾಡುವವನಿಗೆ ಏನು ಸಂಬಂಧ ಎಂದೀರಿ. ಸಂಬಂಧವಿದೆ. ಸರಕಾರಿ ಅಧಿಕಾರಿಗಳಿಗೆ ಹೊರದೇಶದಲ್ಲಿ ಲಂಚ ಕೊಟ್ಟರೂ ಅಪರಾಧ ಎಂದು ಅಮೆರಿಕ 1977ರಲ್ಲೇ ಕಾನೂನು ಮಾಡಿತು. ಬ್ರಿಟನ್ 2010ರಲ್ಲಿ ಇನ್ನೂ ಬಿಗಿಯಾದ ಕಾನೂನು ತಂದಿತು. ಆದ್ದರಿಂದ ಆ ದೇಶಗಳ ದೊಡ್ಡ ಗಿರಾಕಿಗಳು ನಮ್ಮಲ್ಲಿ ಮಾಲು ಕೊಳ್ಳುವ ಮುನ್ನ ನಿಮ್ಮ ನಿಯಮವೇನು, ತೋರಿಸಿ ಎನ್ನುತ್ತಾರೆ. ನಮ್ಮ ದೇಶದಲ್ಲೂ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ನೇರ ಅಪರಾಧ. ನೌಕರನೊಬ್ಬ ಕಂಪನಿಯ ಲಾಭಕ್ಕಾಗಿ ಲಂಚ ಕೊಟ್ಟರೆ ಕಂಪನಿಯೂ ಸಿಕ್ಕಿಬೀಳುತ್ತದೆ. ಅದನ್ನು ತಡೆಯಲು ತಕ್ಕ ಏರ್ಪಾಡು ಮಾಡಿದ್ದೆವೆಂದು ಸಾಬೀತುಪಡಿಸಿದರೆ ಮಾತ್ರ ಪಾರು. ಬಲವಂತಕ್ಕೆ ಸಿಕ್ಕಿ ಲಂಚ ಕೊಟ್ಟವನು 7 ದಿನದೊಳಗೆ ಪೊಲೀಸರಿಗೆ ತಿಳಿಸಿದರೆ ಅವನಿಗೆ ರಕ್ಷಣೆ ಇದೆ. ಇದು ನಿಮಗೆಲ್ಲ ತಿಳಿದಿರಲಿ.

ನೀತಿಯಿಂದ ಹೋದವರಿಗೆ ಪ್ರತಿಸಲವೂ ಗೆಲುವು ಎಂದು ನಾನು ಹೇಳುವುದಿಲ್ಲ. ಕೈ ಬಿಸಿ ಮಾಡಿದವನಿಗೆ ಟೆಂಡರು ಸಿಕ್ಕಿ, ಮಾಡದವನು ಬರಿಗೈಯಲ್ಲಿ ಬರುವುದನ್ನು ನೀವೂ ಕಂಡಿದ್ದೀರಿ. ಆದರೆ ಹಾಗೆ ಪಡೆದ ಕೆಲಸವನ್ನು ಇನ್ನೂ ಹೆಚ್ಚು ಕೊಟ್ಟವನು ನಾಳೆ ಕಸಿದುಕೊಳ್ಳುತ್ತಾನೆ. ಅದು ಹರಾಜು, ಅಲ್ಲಿ ಯಾರಿಗೂ ಶಾಶ್ವತ ಮೇಲುಗೈ ಇಲ್ಲ.

ಇನ್ನು ನಿಮ್ಮ 'ತೋರಿಕೆ'ಯ ಮಾತಿಗೆ ಬರುತ್ತೇನೆ. ಅದರಲ್ಲೂ ಸತ್ಯವಿದೆ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಂಪನಿಗೆ 2008ರಲ್ಲಿ ಉತ್ತಮ ಆಡಳಿತಕ್ಕೆಂದು ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂತು. ಕೆಲವೇ ತಿಂಗಳಲ್ಲಿ, 2009ರ ಜನವರಿ 7ರಂದು, ಅದರ ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ 5,000 ಕೋಟಿ ರೂಪಾಯಿಗೂ ಹೆಚ್ಚು ಹಣ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಹುಲಿಯ ಮೇಲೆ ಕುಳಿತವನಿಗೆ ಇಳಿಯುವುದು ಹೇಗೆಂದು ತಿಳಿಯದ ಸ್ಥಿತಿ ತಮ್ಮದಾಗಿತ್ತು ಎಂಬರ್ಥದ ಮಾತು ಆ ಪತ್ರದಲ್ಲಿತ್ತು. ಷೇರಿನ ಬೆಲೆ ಅಂದೇ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕರಗಿತು. ಪ್ರಶಸ್ತಿ ಕೊಟ್ಟವರು ಹಿಂತೆಗೆದುಕೊಂಡರು. ಸುಮಾರು 50,000 ನೌಕರರು, ಅವರಲ್ಲಿ ಹೆಚ್ಚಿನವರು ನಿಮ್ಮಂಥ ಎಳೆಯರು, ತಮ್ಮದಲ್ಲದ ತಪ್ಪಿಗೆ ರಾತ್ರಿ ನಿದ್ದೆ ಬಿಟ್ಟರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ನಮ್ಮ ಹಿರಿಯರು ಇಂಥದಕ್ಕೇ ಹೇಳಿದ್ದು.

ಜಾನ್ಸನ್ ಕಂಪನಿಯೂ 1982ರ ಪುಣ್ಯವನ್ನೇ ಕೂತು ತಿನ್ನಲಾಗಲಿಲ್ಲ. ಅದರ ಟಾಲ್ಕಂ ಬೇಬಿ ಪೌಡರಿನಿಂದ ಕ್ಯಾನ್ಸರ್ ಬಂತೆಂದು ಸಾವಿರಾರು ಜನ ದಾವೆ ಹೂಡಿದರು. ಪೌಡರ್ ಸುರಕ್ಷಿತವೆಂದು ಕಂಪನಿ ವಾದಿಸುತ್ತಲೇ ಬಂದಿದೆ. ಆದರೂ 2020ರಲ್ಲಿ ಅಮೆರಿಕ, ಕೆನಡಾಗಳಲ್ಲಿ, 2023ರಲ್ಲಿ ಜಗತ್ತಿನಾದ್ಯಂತ ಅದರ ಮಾರಾಟ ನಿಲ್ಲಿಸಿತು. ಗೋಡೆಯ ಮೇಲೆ ಅದೇ ಕ್ರೀಡೋ ಇತ್ತು. ತಂದೆ ಗಳಿಸಿದ ಹೆಸರಿನಲ್ಲಿ ಮಗನಿಗೆ ಅಂಗಡಿಯಲ್ಲಿ ಎಷ್ಟು ದಿನ ಉದ್ದರಿ ಸಿಕ್ಕೀತು?

ಹಾಗಾದರೆ ನೀವು ಸೇರಿದ ಕಡೆಯ ಪುಸ್ತಿಕೆ ಸಾಚಾ ಹೌದೋ ಅಲ್ಲವೋ ತಿಳಿಯುವುದು ಹೇಗೆ? ಮೂರು ವಿಷಯ ನೋಡಿ. ತಪ್ಪು ಕಂಡರೆ ಯಾರಿಗೆ ಹೇಳಬೇಕೆಂದು ಅದರಲ್ಲಿ ಸ್ಪಷ್ಟವಾಗಿದೆಯೇ? ಷೇರುಪೇಟೆಯಲ್ಲಿರುವ ಕಂಪನಿಯಾದರೆ ಇಂಥ ಏರ್ಪಾಡು ಇರಲೇಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಹಾಗೆ ಹೇಳಿದವರು ಇನ್ನೂ ಅಲ್ಲೇ ನೆಮ್ಮದಿಯಿಂದ ಕೆಲಸದಲ್ಲಿದ್ದಾರೆಯೇ? ಚಹಾದ ಹೊತ್ತಿನಲ್ಲಿ ಹಳಬರನ್ನು ಕೇಳಿದರೆ ಗೊತ್ತಾಗುತ್ತದೆ. ಕೊನೆಯದಾಗಿ, ನಿಯಮಕ್ಕಾಗಿ ಕಂಪನಿ ಎಂದಾದರೂ ಒಂದು ಆರ್ಡರು ಬಿಟ್ಟದ್ದುಂಟೇ? ಒಂದು ರೂಪಾಯಿಯೂ ಖರ್ಚಾಗದ ನೀತಿಯನ್ನು ನಂಬುವುದು ಕಷ್ಟ.

"ಈ ಒಂದು ಬಿಲ್ಲಿನ ತಾರೀಖು ಸ್ವಲ್ಪ ಬದಲಾಯಿಸು, ಎಲ್ಲರೂ ಮಾಡುತ್ತಾರೆ" ಎಂದು ಒಂದು ದಿನ ನಿಮ್ಮ ಮೇಲಿನವರು ಮೆಲ್ಲಗೆ ಹೇಳಬಹುದು. ಹೊಸಬರಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಆಗ ಜಗಳ ಬೇಡ, ಭಾಷಣವೂ ಬೇಡ. "ಸರ್, ನಾನು ಸಹಿ ಹಾಕಿದ ಪುಸ್ತಿಕೆಯಲ್ಲಿ ಇದು ಆಗದು ಎಂದಿದೆ" ಎನ್ನಿ. ಆದರೆ ಹಾಗೆನ್ನಲು ನೀವು ಅದನ್ನು ಓದಿರಬೇಕು. ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಓದಿ. ಓದಿದ ಮೇಲೆ ಏನನ್ನಿಸಿತೆಂದು ನನಗೆ ಬರೆಯಿರಿ. ನಿಮ್ಮ ಹೆಸರಾಗಲಿ, ಕಂಪನಿಯ ಹೆಸರಾಗಲಿ ಈ ಅಂಕಣದಲ್ಲಿ ಬರುವುದಿಲ್ಲ.