ಪತ್ತೇದಾರಿ ಧಾರಾವಾಹಿಯ ಸಣ್ಣ ಪಾತ್ರಗಳು

ಪತ್ತೇದಾರಿ ಧಾರಾವಾಹಿಗಳ ಪ್ರೇಕ್ಷಕರಲ್ಲಿ ಎರಡು ಪಂಗಡಗಳುಂಟು. ಕೊಲೆಗಾರ ಯಾರೆಂಬುದನ್ನು ಅರಿಯುವ ಕಾತರದಿಂದ ಕುಳಿತವರದು ಮೊದಲನೆಯ ಪಂಗಡ. ಎರಡನೆಯವರ ಕಣ್ಣು ಕಥೆಯ ಅಂಚಿನಲ್ಲಿ ಸುಳಿದಾಡುತ್ತಿರುತ್ತದೆ. ಬಾಗಿಲು ತೆರೆದ ಆಳು, ಹೆಣವನ್ನು ಮೊದಲು ಕಂಡ ಹಾಲಿನವನು, ಠಾಣೆಯಲ್ಲಿ ಕಡತ ಹಿಡಿದು ಹಾದುಹೋದ ಪೇದೆ, ಇಂಥವರನ್ನು ಕಂಡೊಡನೆ ಅವರು, 'ಈತ ಹಿಂದೊಮ್ಮೆ ಬಂದಿದ್ದನಲ್ಲ!' ಎಂದು ಉದ್ಗರಿಸುತ್ತಾರೆ. ಅವರ ಪಾಲಿಗೆ ನಿಜವಾದ ಪತ್ತೆ ಅದೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಈ ಎರಡನೆಯ ಪಂಗಡದವರು ನನಗೆ ಹೇರಳವಾಗಿ ಸಿಕ್ಕಿದ್ದಾರೆ. ಕೆಲಸವಿಲ್ಲದವರ ಚಾಳಿಯೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ನನಗೆ ಹಾಗನ್ನಿಸುವುದಿಲ್ಲ.

ಇವರಿಗೆ ಅತ್ಯಂತ ಸಮೃದ್ಧವಾದ ಗಣಿಯೆಂದರೆ ಸೋನಿ ವಾಹಿನಿಯ ಹಿಂದಿ ಮಾಲಿಕೆ 'ಸಿ.ಐ.ಡಿ.' 1998ರ ಜನವರಿಯಲ್ಲಿ ಆರಂಭವಾಗಿ 2018ರ ಅಕ್ಟೋಬರಿನವರೆಗೆ ಸಾವಿರದ ಐನೂರಕ್ಕೂ ಹೆಚ್ಚು ಕಂತುಗಳನ್ನು ಕಂಡ ಈ ಮಾಲಿಕೆ, ಆರು ವರ್ಷಗಳ ವಿರಾಮದ ತರುವಾಯ 2024ರ ಡಿಸೆಂಬರಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಶಿವಾಜಿ ಸಾಟಮ್ ಅವರ ಪ್ರದ್ಯುಮ್ನನೂ ದಯಾನಂದ ಶೆಟ್ಟರ ದಯಾನೂ ನಮ್ಮಲ್ಲಿ ಹಿಂದಿ ಬಾರದ ಮನೆಗಳಲ್ಲಿಯೂ ನೆಂಟರಂತಾದರು. ಅವರು ಬಿಡಿ, ನಾಯಕರು. ಪ್ರತಿ ವಾರ ಹೊಸ ಕೊಲೆ ಬೇಕು. ಹೊಸ ಕೊಲೆಗೆ ಒಂದು ಹೆಣ, ಒಬ್ಬಳು ವಿಧವೆ, ಒಬ್ಬ ಪಾಲುದಾರ, ನಾಲ್ಕಾರು ಸಂಶಯಿತರು ಬೇಕು. ಇಪ್ಪತ್ತು ವರ್ಷ ಇಷ್ಟು ಜನರನ್ನು ಹೊಸದಾಗಿ ಎಲ್ಲಿಂದ ತರುವುದು? ಆದ್ದರಿಂದ ಅದೇ ಮುಖಗಳು ಬೇರೆ ಹೆಸರು ಹೊತ್ತು ಮರಳುತ್ತವೆ. ಹೋದ ವರ್ಷ ವಿಷವುಂಡು ಸತ್ತವನು ಈ ವರ್ಷ ವೈದ್ಯನಾಗಿ ಬರುತ್ತಾನೆ. ಅಭಿಜಿತನೆಂಬ ಅಧಿಕಾರಿಯಾಗಿ ಮನೆಮಾತಾದ ಆದಿತ್ಯ ಶ್ರೀವಾಸ್ತವರೇ ಮೊದಲು ಇದೇ ಮಾಲಿಕೆಯಲ್ಲಿ ಅಪರಾಧಿಯಾಗಿ ಬಂದವರು. ಹಳೆಯ ಕಂತುಗಳು ದೂರವಾಣಿಯಲ್ಲಿಯೇ ದೊರೆಯುವಂತಾದ ಮೇಲೆ ಇಂಥವನ್ನು ಹೆಕ್ಕಿ ತೆಗೆಯಲು ಈಗ ನೆನಪಿನ ಶಕ್ತಿಯೂ ಬೇಕಿಲ್ಲ, ತಾಳ್ಮೆಯೊಂದಿದ್ದರೆ ಸಾಕು.

ಹೀಗೆ ಗುರುತಿಸುವುದರಿಂದ ಕಥೆ ಕೆಡುತ್ತದೆಯೆಂದು ವಾದಿಸುವವರಿದ್ದಾರೆ. ಅದರಲ್ಲಿ ಹುರುಳಿಲ್ಲದಿಲ್ಲ. ಕಾದಂಬರಿಯಲ್ಲಿ ಪಾತ್ರಕ್ಕೆ ಮುಖವಿಲ್ಲ, ಎನ್. ನರಸಿಂಹಯ್ಯನವರ ಐನೂರಕ್ಕೂ ಮಿಕ್ಕ ಪತ್ತೇದಾರಿ ಕಾದಂಬರಿಗಳನ್ನು ಓದುವವನಿಗೆ ಮನೆಯಾಳೂ ಕೊಲೆಗಾರನೂ ಸಮಾನವಾಗಿ ಬರಿಯ ಅಕ್ಷರಗಳೇ. ತೆರೆಯ ಮೇಲೆ ಹಾಗಲ್ಲ. ಅಷ್ಟಿಷ್ಟು ಹೆಸರಾದ ನಟ ಸುಮ್ಮನೆ ಚಹಾ ತಂದಿಟ್ಟು ಹೋದರೆ, ಕೊನೆಗೆ ಸಿಕ್ಕಿಬೀಳುವವನು ಇವನೇ ಎಂದು ನಮ್ಮ ಜಾಣ ಪ್ರೇಕ್ಷಕ ಹತ್ತನೆಯ ನಿಮಿಷದಲ್ಲಿಯೇ ತೀರ್ಪು ಕೊಡುತ್ತಾನೆ. ಲೇಖಕ ಬಚ್ಚಿಟ್ಟದ್ದನ್ನು ನಟವರ್ಗದ ಆಯ್ಕೆ ಬಯಲು ಮಾಡುತ್ತದೆ. ಇರಲಿ. ರಹಸ್ಯ ಒಂದು ಸಂಜೆಗೆ ಮುಗಿಯುತ್ತದೆ, ಗುರುತು ಮುಗಿಯುವುದಿಲ್ಲ.

ಈ ಹವ್ಯಾಸ ದೂರದರ್ಶನದೊಡನೆ ಹುಟ್ಟಿದ್ದೂ ಅಲ್ಲ. 1891ರಲ್ಲಿ ಪ್ರಕಟವಾದ ಕಾನನ್ ಡಾಯ್ಲ್‌ನ ಒಂದು ಕಥೆಯಲ್ಲಿ ಷರ್ಲಾಕ್ ಹೋಮ್ಸನ ಮನೆಯೊಡತಿ ಹಡ್ಸನ್ ಇದ್ದಕ್ಕಿದ್ದಂತೆ ಟರ್ನರ್ ಆಗಿಬಿಡುತ್ತಾಳೆ. ಅದೇ ವರ್ಷದ ಇನ್ನೊಂದು ಕಥೆಯಲ್ಲಿ ಜಾನ್ ವಾಟ್ಸನ್ನನ್ನು ಅವನ ಹೆಂಡತಿಯೇ ಜೇಮ್ಸ್ ಎಂದು ಕರೆಯುತ್ತಾಳೆ! ಕರ್ತೃವಿನ ಕೈತಪ್ಪೆಂದು ಬಿಟ್ಟುಬಿಡಬಹುದಾಗಿತ್ತು, ಓದುಗರು ಬಿಡಲಿಲ್ಲ. 1911ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ವಿದ್ವಾಂಸ ಧರ್ಮಗ್ರಂಥಗಳನ್ನು ಶೋಧಿಸುವ ಕ್ರಮದಲ್ಲಿ ಹೋಮ್ಸನ ಕಥೆಗಳನ್ನು ಶೋಧಿಸಿ ಪ್ರಬಂಧವನ್ನೇ ಬರೆದ. ಅದರ ವಿನೋದ ಇಂದಿಗೂ ಮುಗಿದಿಲ್ಲ. ನಮ್ಮ ದೇಶದಲ್ಲಿಯೂ, 1993ರಲ್ಲಿ ದೂರದರ್ಶನದಲ್ಲಿ ಬಂದ ಬಾಸು ಚಟರ್ಜಿಯವರ 'ಬ್ಯೋಮಕೇಶ ಬಕ್ಷಿ'ಯನ್ನು ನೋಡಿದವರಿಗೆ ಕೊಲೆಗಳು ಮರೆತಿರಬಹುದು, ಚಹಾ ತರುವ ಪುಟೀರಾಮ ಮರೆತಿರಲಾರ. ಕನ್ನಡದಲ್ಲಿ ಟಿ. ಎನ್. ಸೀತಾರಾಮರ 'ಮುಕ್ತ ಮುಕ್ತ'ದ ವಕೀಲ ಸಿ.ಎಸ್.ಪಿ. 2018ರಲ್ಲಿ ಆರಂಭವಾದ 'ಮಗಳು ಜಾನಕಿ'ಯಲ್ಲಿ ಮತ್ತೆ ಕರಿ ಕೋಟು ತೊಟ್ಟು ನಿಂತಾಗ ಹಳೆಯ ಪ್ರೇಕ್ಷಕರು ನೆಟ್ಟಗೆ ಕುಳಿತರು; ಆದರೆ ಆತ ಸಣ್ಣ ಪಾತ್ರವಲ್ಲ.

ನಮ್ಮ ಈ ಐದು ತಾಲ್ಲೂಕುಗಳ ಜನಕ್ಕೆ ಇಂಥ ಕಣ್ಣು ಎಲ್ಲಿಂದ ಬಂತು? ಬಯಲಾಟದಿಂದ ಬಂತೆಂದು ನನ್ನ ನಂಬಿಕೆ. ಊರಿನ ಆಟದಲ್ಲಿ ದುರ್ಯೋಧನ ಯಾರೆಂಬುದು ಯಾರಿಗೂ ಗುಟ್ಟಲ್ಲ. ಹಗಲೆಲ್ಲ ಹೊಲದಲ್ಲಿ ಕುಂಟೆ ಹೊಡೆದವನೇ ರಾತ್ರಿ ಭುಜಕೀರ್ತಿ ಕಟ್ಟಿಕೊಂಡು ಬರುತ್ತಾನೆ. ಕಳೆದ ಸಲ ದೂತನಾಗಿ ಎರಡು ಮಾತಾಡಿದ ಹುಡುಗ ಈ ಸಲ ಅಭಿಮನ್ಯುವಾದರೆ ಊರು ಅದನ್ನು ಲೆಕ್ಕವಿಡುತ್ತದೆ. ಅಲ್ಲಿ ವೇಷ ಮತ್ತು ಮನುಷ್ಯ ಎರಡನ್ನೂ ಒಟ್ಟಿಗೆ ನೋಡುವುದೇ ರಸಿಕತೆ. ಜಾತ್ರೆಗೆ ಬೀಡುಬಿಡುವ ನಾಟಕ ಕಂಪನಿಗಳ ಪ್ರೇಕ್ಷಕರೂ ಇದೇ ಜಾತಿಯವರು. (ಹರಪನಹಳ್ಳಿಯವರಿಗಂತೂ ವೇಷ ಬದಲಾವಣೆಯ ಅನುಭವ ಉಳಿದವರಿಗಿಂತ ಹೆಚ್ಚು. ಅವರ ತಾಲ್ಲೂಕು 1997ರಲ್ಲಿ ಬಳ್ಳಾರಿಯನ್ನು ಬಿಟ್ಟು ದಾವಣಗೆರೆಯ ಪಾತ್ರ ವಹಿಸಿತು, ತಿರುಗಿ ಬಳ್ಳಾರಿಗೆ ಬಂದಿತು, 2021ರಲ್ಲಿ ವಿಜಯನಗರವಾಯಿತು. ಊರು ಮಾತ್ರ ಇದ್ದಲ್ಲಿಯೇ ಇದೆ.)

ಅದರಲ್ಲಿಯೂ ದೊಡ್ಡಾಟದ ಸಾರಥಿಯನ್ನು ಇಲ್ಲಿ ನೆನೆಯಲೇಬೇಕು. ಪ್ರಸಂಗ ಯಾವುದೇ ಇರಲಿ, ರಾಜ ಯಾರೇ ಇರಲಿ, ಸಾರಥಿ ಇದ್ದೇ ಇರುತ್ತಾನೆ. ರಂಗಕ್ಕೆ ಬಂದ ಪ್ರತಿಯೊಬ್ಬನನ್ನೂ ಮಾತನಾಡಿಸಿ, ನೀವು ಯಾರು, ನಿಮ್ಮ ಸ್ಥಳ ಯಾವುದು, ಬಂದ ಕಾರಣವೇನು ಎಂದು ವಿಚಾರಿಸುವ ಅಧಿಕಾರ ಅವನದು. ಲೋಕವನ್ನೇ ನಡುಗಿಸುವ ರಾವಣನೂ ಅವನಿಗೆ ಉತ್ತರ ಕೊಟ್ಟೇ ಮುಂದೆ ಸಾಗಬೇಕು. ಪತ್ತೇದಾರಿ ಧಾರಾವಾಹಿಯಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧ. ಅಲ್ಲಿ ಪ್ರಶ್ನೆ ಕೇಳುವವನು ದೊಡ್ಡವನು. ಆಳು, ಪೇದೆ, ಹಾಲಿನವನು ಉತ್ತರ ಕೊಟ್ಟು ಮರೆಯಾಗತಕ್ಕವರು. ಹಾಗೆ ಮರೆಯಾಗಗೊಡದೆ ಅವರ ಬೆನ್ನು ಹತ್ತುವ ನಮ್ಮ ಪ್ರೇಕ್ಷಕ, ತಿಳಿದೋ ತಿಳಿಯದೆಯೋ, ಸಾರಥಿಯ ಕೆಲಸವನ್ನು ತಾನು ವಹಿಸಿಕೊಂಡಿದ್ದಾನೆ. ಸಿ.ಐ.ಡಿ.ಯ ಫ್ರೆಡ್ರಿಕ್ಸನಾಗಿ ನಗಿಸುತ್ತಿದ್ದ ದಿನೇಶ್ ಫಡ್ನಿಸ್ 2023ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಕೇಳಿಬಂದ ಮರುಕ ನಾಯಕರಿಗೆ ಸಲ್ಲುವ ಅಭಿಮಾನದಂಥದಲ್ಲ. ಮನೆಗೆ ಬಂದುಹೋಗುತ್ತಿದ್ದವನನ್ನು ಕಳೆದುಕೊಂಡ ಬಗೆ ಅದು.

ಆದರೆ ಫಡ್ನಿಸರಿಗೆ ಹೆಸರಿತ್ತು. ಹೆಸರಿಲ್ಲದವರ ಗತಿಯೇನು? ಹಿಂದೆ ಧಾರಾವಾಹಿಯ ಕೊನೆಯಲ್ಲಿ ಓಡುತ್ತಿದ್ದ ನಟವರ್ಗದ ಪಟ್ಟಿಯನ್ನು ಕಣ್ಣು ಕಿರಿದುಮಾಡಿ ಓದಬಹುದಾಗಿತ್ತು. ಈಗ ಪಟ್ಟಿ ಮೂಡುವಷ್ಟರಲ್ಲಿಯೇ ಮುಂದಿನ ಕಂತು ತಾನಾಗಿ ಶುರುವಾಗುತ್ತದೆ. ಮುಖ ಹಿಂದೆಂದಿಗಿಂತ ಹೆಚ್ಚು ಪರಿಚಿತ, ಹೆಸರು ಹಿಂದೆಂದಿಗಿಂತ ದೂರ. ಸಣ್ಣ ನಟನಿಗೆ ಗುರುತೇ ಜೀವನೋಪಾಯ. ಮುಂದಿನ ಕರೆ ಬರುವುದು ಅದರಿಂದ. ನಮ್ಮ ಬಯಲಾಟದವರ ಸ್ಥಿತಿಯೂ ಇದಕ್ಕಿಂತ ಮೇಲಲ್ಲ. ಹಡಗಲಿಯಲ್ಲಿ ಎಂ. ಪಿ. ಪ್ರಕಾಶರು ಕಟ್ಟಿದ ರಂಗಭಾರತಿಯಂಥ ಸಂಸ್ಥೆಯಿಂದಾಗಿ ಈ ಭಾಗದ ರಂಗಕ್ಕೆ ಒಂದು ಹೆಸರುಂಟು. ಆದರೂ ವಯಸ್ಸಾದ ಕಲಾವಿದ ಮಾಸಾಶನಕ್ಕೆ ಅರ್ಜಿ ಹಾಕಿದಾಗ ಬೇಕಾಗುವುದು ಕರಪತ್ರ, ಪ್ರಶಸ್ತಿಪತ್ರ. ಕರಪತ್ರದಲ್ಲಿ ಅಚ್ಚಾಗುವುದು ಭೀಮನ ಹೆಸರು, ದುರ್ಯೋಧನನ ಹೆಸರು. ನಲವತ್ತು ವರ್ಷ ದೂತನಾದವನು ಏನನ್ನು ತೋರಿಸಬೇಕು? ಅವನನ್ನು ಕಂಡವರು ಊರ ತುಂಬ ಇದ್ದಾರೆ. ಕಂಡವರ ಸಾಕ್ಷ್ಯಕ್ಕೆ ಕಡತದಲ್ಲಿ ಸ್ಥಳವಿಲ್ಲ.

ಹಂಪಿಯ ಕನ್ನಡ ವಿಶ್ವವಿದ್ಯಾನಿಲಯ ಈ ತಾಲ್ಲೂಕುಗಳ ನೆರೆಯಲ್ಲಿಯೇ ಇದೆ. ದೂರವಾಣಿಯಲ್ಲಿ ಹಳೆಯ ಕಂತುಗಳನ್ನು ಜಾಲಾಡಿ ಮುಖಗಳನ್ನು ಹೊಂದಿಸುವ ತರುಣರು ಪ್ರತಿ ಹಳ್ಳಿಯಲ್ಲಿಯೂ ಇದ್ದಾರೆ. ಒಂದು ಬೇಸಿಗೆಯ ಮಟ್ಟಿಗೆ ಇವರನ್ನು ತಮ್ಮ ಊರಿನ ಹಿರಿಯರ ಬಳಿ ಕೂರಿಸಿ, ಯಾವ ಆಟದಲ್ಲಿ ದೂತ ಯಾರು, ಸಖಿ ಯಾರು, ಸಾರಥಿ ಯಾರು ಎಂದು ಬರೆಸಬೇಕು. ಆ ಹಿರಿಯರ ನೆನಪು ಇನ್ನೆಷ್ಟು ಕಾಲ ನಮಗಾಗಿ ಕಾದಿರುತ್ತದೆಯೋ ಹೇಳಲಾಗದು.