ಮೋಟ್ರು ಹೋಯ್ತು ಅನ್ನೋ ಮೊದಲು

ಮನೇಲಿರೋ ಹಳೇ ಮಿಗ್ ವೆಲ್ಡಿಂಗ್ ಮಷಿನ್‌ನಲ್ಲಿ ವೈರ್ ತಡೆದು ತಡೆದು ಬಂದ್ರೆ ನಮ್ಮ ಕಡೆ ಬಹಳ ಜನ ಮೊದಲು ರೋಲರ್ ಸ್ಕ್ರೂ ಬಿಗಿ ಮಾಡ್ತಾರೆ. ಅದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಬಿಗಿ ಹೆಚ್ಚಾದ್ರೆ ವೈರ್ ಚಪ್ಪಟೆಯಾಗಿ ಟಿಪ್‌ನಲ್ಲಿ ಸಿಕ್ಕಿಕೊಳ್ಳುತ್ತೆ.

ಮೊದಲು ಕರೆಂಟ್ ತೆಗೀರಿ. ರೋಲರ್ ಸಡಿಲಿಸಿ, ಟಾರ್ಚ್ ಕೇಬಲ್ ನೇರ ಮಾಡಿ, ತುದಿಯಿಂದ ವೈರನ್ನು ಕೈಲಿ ಎಳೆದು ನೋಡಿ. ಬಿಗಿ ಅನಿಸಿದ್ರೆ ಟಿಪ್ ಬಿಚ್ಚಿ ಮತ್ತೆ ಎಳೀರಿ. ಈಗ ಸಲೀಸಾಗಿ ಬಂದ್ರೆ ಟಿಪ್ ಬದಲಿಸಿದ್ರೆ ಸಾಕು. ಆಗಲೂ ಬಿಗಿ ಇದ್ರೆ ವೈರ್ ಸುತ್ತಿರೋ ಸ್ಪೂಲಿನ ನಟ್ಟು ಸ್ವಲ್ಪ ಸಡಿಲಿಸಿ. ಅದೂ ಅಲ್ಲ ಅಂದ್ರೆ ವೈರ್ ಹೊರಗೆ ತೆಗೆದು ಲೈನರ್‌ಗೆ ಕಂಪ್ರೆಸರ್ ಗಾಳಿ ಹೊಡೀರಿ, ಎಣ್ಣೆ ಮಾತ್ರ ಬಿಡಬೇಡಿ. ವೈರ್ 0.8 ಎಂ.ಎಂ. ಆದ್ರೆ ರೋಲರ್, ಟಿಪ್ ಎರಡೂ 0.8ರದ್ದೇ ಇರಬೇಕು. ತುಕ್ಕು ಹಿಡಿದ ವೈರ್ ಬಿಸಾಕಿ.

ಎಲ್ಲಾ ಸರಿ ಇದ್ದೂ ನಿಧಾನ ಅಂದ್ರೆ ವೋಲ್ಟೇಜ್ ನೋಡಿ. ಊರಲ್ಲಿ ವೋಲ್ಟೇಜ್ ಇಳಿದಾಗ ಹಳೇ ಮಷಿನ್‌ನ ಮೋಟ್ರೂ ನಿಧಾನ ಆಗಬಹುದು. ಮೋಟ್ರು ಬದಲಿಸೋ ಮಾತು ಇಷ್ಟೆಲ್ಲಾ ನೋಡಿದ ಮೇಲೆ.

ಬಿತ್ತನೆ ಹೊತ್ತಲ್ಲಿ ಕುಂಟೆ ಮುರಿದ್ರೆ ಹದ ನಮಗೋಸ್ಕರ ಕಾಯಲ್ಲ. ಎರಡು ಟಿಪ್ ಮನೇಲಿ ಇಟ್ಟುಕೊಳ್ಳಿ.