ವಿದ್ಯಾರ್ಥಿಗಳ ವಿನೋದಚಿತ್ರಗಳೂ ನಮ್ಮ ಕರ್ತವ್ಯವೂ

ಕೆಲವು ಕಾಲದ ಹಿಂದೆ ನಮ್ಮ ಶಾಲೆಯ ಬಾಲಿಕೆಯೊಬ್ಬಳ ಲೆಕ್ಕದ ಪುಸ್ತಕದ ಕಡೆಯ ಪುಟದಲ್ಲಿ ನಮ್ಮದೇ ಚಿತ್ರವು ದೊರೆಯಿತು. ಕೊಕ್ಕರೆಯ ಕತ್ತು, ಮೂಗಿನ ತುದಿಯಲ್ಲಿ ಕನ್ನಡಕ, ಎದುರಿಗೆ ಬುತ್ತಿ ಹಿಡಿದು ಹಸಿದು ನಿಂತ ಮಕ್ಕಳ ಸಾಲು! ಮೊದಲು ನಮಗೆ ಕೋಪವೇ ಬಂದಿತು. ಆದರೆ ಊಟದ ಹೊತ್ತನ್ನು ನಮ್ಮ ದೀರ್ಘ ಸೂಚನೆಗಳು ನುಂಗುತ್ತಿದ್ದುವೆಂಬ ಸತ್ಯವನ್ನು ಅದುವರೆಗೆ ಯಾರೂ ನಮಗೆ ತಿಳಿಸಿರಲಿಲ್ಲ. ಆದಕಾರಣ ಶಿಕ್ಷೆಯನ್ನು ಬಿಟ್ಟು, ಸೂಚನೆಗಳನ್ನು ಮೊಟಕುಮಾಡಿದೆವು.

ಇಂತಹ ಚಿತ್ರಗಳು ಹೊಸವಲ್ಲ. ಅಮೆರಿಕದ ಹಾರ್ವರ್ಡ್ ವಿದ್ಯಾರ್ಥಿಗಳು 1876ರಲ್ಲಿಯೇ ‘ಲ್ಯಾಂಪೂನ್’ ಎಂಬ ವಿನೋದಪತ್ರಿಕೆಯನ್ನು ಹೊರಡಿಸಿದರು. ಡಾರ್ಟ್‌ಮತ್ ಕಾಲೇಜಿನಲ್ಲಿ 1908ರಲ್ಲಿ ‘ಜ್ಯಾಕ್-ಓ-ಲ್ಯಾಂಟರ್ನ್’ ಹುಟ್ಟಿತು. ಅದರ ಸಂಪಾದಕನಾಗಿದ್ದ ಥಿಯೊಡರ್ ಗೈಸೆಲನು, ಪಾನನಿಷೇಧದ ಆ ದಿನಗಳಲ್ಲಿ ಗೆಳೆಯರೊಡನೆ ಮದ್ಯಪಾನ ಮಾಡಿ ಸಿಕ್ಕಿಬಿದ್ದು 1925ರಲ್ಲಿ ಆ ಸ್ಥಾನವನ್ನು ಕಳೆದುಕೊಂಡನು. ಶಿಕ್ಷೆ ನ್ಯಾಯವಾದುದೇ, ಆದರೂ ಅವನ ಲೇಖನಿ ನಿಲ್ಲಲಿಲ್ಲ. ‘ಸ್ಯೂಸ್’ ಎಂಬ ಹೆಸರಿನಿಂದ ಚಿತ್ರಗಳು ಬರುತ್ತಲೇ ಇದ್ದುವು. ಮುಂದೆ ಅದೇ ಹೆಸರು ಲೋಕದ ಮಕ್ಕಳಿಗೆ ಪ್ರಿಯವಾಯಿತು.

ಹಾಗೆಂದು ಆ ಹಾಳೆಗಳೆಲ್ಲವನ್ನೂ ನಾವು ಹೊಗಳಲಾರೆವು. ಗೈಸೆಲನೇ ಆಗ ಕರಿಯ ಜನರನ್ನೂ ಯೆಹೂದ್ಯರನ್ನೂ ಹೀನಾಯವಾಗಿ ಚಿತ್ರಿಸಿದ್ದನು. ತನಗಿಂತ ಮೇಲಿರುವವರ ಡಂಭವನ್ನು ನಗುವುದು ಬೇರೆ. ಮೊದಲೇ ತುಳಿಯಲ್ಪಟ್ಟವರನ್ನು ನಗುವುದು ಬೇರೆ. ಎರಡನೆಯದು ವಿನೋದವಲ್ಲ, ಪಾಪ.

ಡಾರ್ಟ್‌ಮತ್ ಅಂದು ಗಂಡುಮಕ್ಕಳ ಕಾಲೇಜು. ಹೆಣ್ಣುಮಕ್ಕಳ ಕೈಗೆ ಲೇಖನಿ ಬಂದರೆ ಏನಾಗುವುದೆಂಬುದನ್ನು ಜಾರ್ಜಿಯ ಪ್ರಾಂತದ ಮಹಿಳಾ ಕಾಲೇಜಿನಲ್ಲಿ ಕಾಣಬಹುದು. ಅಲ್ಲಿ 1945ರಲ್ಲಿ ಪದವಿ ಪಡೆದ ಫ್ಲ್ಯಾನರಿ ಓಕಾನರ್ ಎಂಬಾಕೆ, ಮುಂದೆ ಪ್ರಸಿದ್ಧ ಕಥೆಗಾರ್ತಿಯಾಗುವ ಮುನ್ನ, ಕಾಲೇಜಿನ ಪತ್ರಿಕೆಗೆ ಚಿತ್ರಗಳನ್ನು ಕೊರೆದು ಅಚ್ಚು ಹಾಕುತ್ತಿದ್ದಳು. ಯುದ್ಧಕಾಲದಲ್ಲಿ ನೌಕಾದಳದ ಮಹಿಳೆಯರು ಅಲ್ಲಿ ತರಬೇತಿಗೆ ಬಂದಾಗ, ಅವರ ಕವಾಯತಿನ ಸಾಲುಗಳ ನಡುವೆ ದಾರಿ ಕಾಣದ ವಿದ್ಯಾರ್ಥಿನಿಯರ ಪಾಡನ್ನು ಆಕೆ ತೋರಿಸಿದಳು. ಯಾವ ವರದಿಯೂ ಹೇಳದ ಕಾಲೇಜಿನ ದಿನಚರಿ ಅದರಲ್ಲಿದೆ.

ತಂದೆತಾಯಿಗಳೇ, ನಿಮ್ಮ ಮಗಳು ಚಿತ್ರ ಬರೆದಳೆಂದು ಹಾಳೆಯನ್ನು ಹರಿಯಬೇಡಿರಿ. ಯಾರನ್ನು, ಏತಕ್ಕೆ ನಕ್ಕಳೆಂದು ಕೇಳಿರಿ. ಬಡವಳ ಹರಿದ ಲಂಗವನ್ನಾಗಲಿ ತೊದಲುವವಳ ಮಾತನ್ನಾಗಲಿ ಬರೆದಿದ್ದರೆ ತಿದ್ದಿರಿ. ನಮ್ಮನ್ನು ಬರೆದಿದ್ದರೆ ನಮ್ಮ ಬಳಿಗೆ ಕಳುಹಿಸಿರಿ. ಮುಂದಿನ ಸಂಚಿಕೆಯಲ್ಲಿ ಅಂತಹ ಚಿತ್ರಗಳಿಗೆ ಒಂದು ಪುಟವನ್ನು ಮೀಸಲಿಡುವೆವು. ಕೊಕ್ಕರೆಯ ಚಿತ್ರವೇ ಅದರಲ್ಲಿ ಮೊದಲನೆಯದಾಗಲಿ.